ಸೈಕಲ್‌ನ ಹಿಂದಿನ ಲೈಟು: ಯಾವುದು ತಗೊಳ್ಳಲಿ, ಎಲ್ಲಿ ಕೂರಿಸಲಿ?

ದಿನಾ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿಬರುತ್ತೇನೆ. ಹೋಗಲು 12 ಕಿಲೋಮೀಟರ್, ಬರಲು ಅಷ್ಟೇ. ವಾಪಸ್ ಬರುವಾಗ ಕತ್ತಲಾಗಿರುತ್ತದೆ, ಅರ್ಧ ದಾರಿಗೆ ಬೀದಿ ದೀಪವೂ ಇಲ್ಲ. ಸೀಟಿನ ಕೆಳಗೆ ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಂಪು ಲೈಟು ಕಟ್ಟಿಕೊಂಡಿದ್ದೆ. ಮೊನ್ನೆ ಸಹೋದ್ಯೋಗಿಯೊಬ್ಬರು ಕಾರಿನಲ್ಲಿ ನನ್ನ ಹಿಂದೆಯೇ ಬಂದರಂತೆ. "ತೀರಾ ಹತ್ತಿರ ಬರುವ ತನಕ ನೀವು ಕಾಣಿಸಲೇ ಇಲ್ಲ" ಅಂದರು. ಅದನ್ನು ಕೇಳಿದಾಗಿನಿಂದ, ಕತ್ತಲಲ್ಲಿ ಹಿಂದೆ ಗಾಡಿಯ ಸದ್ದು ಬಂದರೆ ಬೆನ್ನು ಬಿಗಿಯಾಗುತ್ತದೆ.

ಹೊಸ ಲೈಟು ತಗೊಳ್ಳಬೇಕು. ಒಂದು ಡಬ್ಬಿಯ ಮೇಲೆ 20 ಲುಮೆನ್ ಅಂತ ಇದೆ, ಇನ್ನೊಂದರ ಮೇಲೆ 100, ಮತ್ತೊಂದರ ಮೇಲೆ 300. ಎಷ್ಟು ಸಾಕು? ಮಿಣುಕಬೇಕಾ, ಒಂದೇ ಸಮ ಉರಿಯಬೇಕಾ? ಎಲ್ಲಿ ಕೂರಿಸಿದರೆ ಒಳ್ಳೆಯದು? ನೀವು ಬಳಸಿ ನೋಡಿದ್ದನ್ನು ದಯವಿಟ್ಟು ಹೇಳಿ.

* * *

ಲುಮೆನ್ ಮಾತು ಆಮೇಲೆ. ಮೊದಲು ನಿಮ್ಮ ಲೈಟು ಯಾವ ಕಡೆ ಮುಖ ಮಾಡಿದೆ ಅಂತ ನೋಡಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಇದರ ಬಗ್ಗೆ ಡಬ್ಬಿಯ ಮೇಲೆ ಒಂದು ಸಾಲೂ ಇರುವುದಿಲ್ಲ.

ನಾನೂ ಒಳ್ಳೆ ಬೆಳಕಿನ ಲೈಟೊಂದನ್ನು ತಂದು ಸೀಟ್ ಪೋಸ್ಟಿಗೆ, ಅಂದರೆ ಸೀಟನ್ನು ಹೊತ್ತ ಪೈಪಿಗೆ, ಕಟ್ಟಿದ್ದೆ. ಒಂದು ರಾತ್ರಿ ಗೆಳೆಯನೊಬ್ಬ ನನ್ನ ಹಿಂದೆ ಸೈಕಲ್ ಹೊಡೆದುಕೊಂಡು ಬಂದ. "ನಿನ್ನ ಚಕ್ರದ ಹಿಂದೆ ರಸ್ತೆ ಕೆಂಪಗೆ ಹೊಳೆಯುತ್ತಿದೆ, ಲೈಟು ಮಾತ್ರ ಮಂಕಾಗಿದೆ" ಅಂದ. ನಿಂತು ನೋಡಿದಾಗ ಕಾರಣ ಗೊತ್ತಾಯಿತು. ಸೀಟ್ ಪೋಸ್ಟ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಬಹಳಷ್ಟು ಸೈಕಲ್‌ಗಳಲ್ಲಿ ಅದು ನೆಲದಿಂದ ಸುಮಾರು 73 ಡಿಗ್ರಿ ಕೋನದಲ್ಲಿರುತ್ತದೆ. ಅದರ ಬೆನ್ನಿಗೆ ಲೈಟನ್ನು ಹಾಗೇ ಕಟ್ಟಿದರೆ ಅದು 17 ಡಿಗ್ರಿ ಕೆಳಗೆ ನೋಡುತ್ತದೆ. ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿ ಲೈಟು ಇದೆ ಅಂದುಕೊಳ್ಳಿ. ಬೆಳಕಿನ ನಡುಭಾಗ ಎರಡೂವರೆ ಮೀಟರ್ ಹಿಂದೆಯೇ ನೆಲಕ್ಕೆ ಬಿದ್ದುಹೋಗುತ್ತದೆ. 100 ಮೀಟರ್ ದೂರದಲ್ಲಿ ಬರುವ ಡ್ರೈವರ್ ಕಣ್ಣಿಗೆ ಸಿಗುವುದು ಅಂಚಿನಿಂದ ಸೋರಿದ ಬೆಳಕು ಅಷ್ಟೇ.

ಸೀಟಿನ ಬುಡದಿಂದ ಹಿಂದಿನ ಚಕ್ರದ ನಡುವಿಗೆ ಇಳಿಯುವ ಎರಡು ಸಣ್ಣ ಪೈಪುಗಳಿವೆಯಲ್ಲ, ಅಲ್ಲಿ ಕಟ್ಟಿದರೆ ಇದು ಉಲ್ಟಾ ಆಗುತ್ತದೆ. ಆ ಪೈಪು ಮೇಲೆ ಹೋಗುತ್ತಾ ಮುಂದಕ್ಕೆ ವಾಲುತ್ತದೆ. ಲೈಟು ಆಕಾಶ ನೋಡುತ್ತದೆ. ಬ್ಯಾಗಿನ ಪಟ್ಟಿಗೆ ಸಿಕ್ಕಿಸಿದರಂತೂ ಅದು ಯಾವ ಕಡೆ ನೋಡುತ್ತದೆ ಅಂತ ಹೇಳುವ ಹಾಗೇ ಇಲ್ಲ. ಬ್ಯಾಗು ತುಂಬಿದಾಗ ಒಂದು ಕಡೆ, ಖಾಲಿಯಾದಾಗ ಇನ್ನೊಂದು ಕಡೆ.

ಹಾಗಾಗಿ ಅಂಗಡಿಯಲ್ಲಿ ಮೊದಲು ಬ್ರಾಕೆಟ್ ಕೈಗೆ ತಗೊಂಡು ನೋಡಿ. ಮುಖವನ್ನು ಮೇಲೆ ಕೆಳಗೆ ಹೊಂದಿಸಲು ಸ್ಕ್ರೂ ಇದೆಯಾ? ಅಥವಾ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿರುವ ರಬ್ಬರ್ ತುಂಡು ಕೊಟ್ಟಿದ್ದಾರಾ? ಎರಡೂ ಇಲ್ಲದಿದ್ದರೆ ಹಳೆಯ ಟ್ಯೂಬಿನ ತುಂಡನ್ನು ಮಡಚಿ ಬ್ರಾಕೆಟ್‌ನ ಕೆಳ ಅಂಚಿನ ಹಿಂದೆ ಸಿಕ್ಕಿಸಿ. ಲೈಟು ಮುಖ ಎತ್ತುತ್ತದೆ. ನನ್ನದು ಎರಡು ವರ್ಷದಿಂದ ಹಾಗೇ ಇದೆ.

ಸರಿಯಾಗಿದೆಯಾ ಅಂತ ನೋಡಲು ಒಂದು ಗೋಡೆ ಸಾಕು. ಕತ್ತಲಾದ ಮೇಲೆ ಸೈಕಲ್‌ನ ಹಿಂಬದಿಯನ್ನು ಗೋಡೆ ಕಡೆಗೆ ತಿರುಗಿಸಿ, ಐದು ಮೀಟರ್ ದೂರದಲ್ಲಿ ನೆಟ್ಟಗೆ ಹಿಡಿದು ನಿಲ್ಲಿ. ಗೋಡೆಯ ಮೇಲೆ ಹೆಚ್ಚು ಹೊಳೆಯುವ ಜಾಗ ಲೈಟಿನಷ್ಟೇ ಎತ್ತರದಲ್ಲಿರಬೇಕು. ಒಂದು ಗೇಣು ಕೆಳಗಿದ್ದರೆ ಪರವಾಗಿಲ್ಲ. ನನ್ನ ಹಳೆಯ ಜೋಡಣೆಯಲ್ಲಿ ಆ ಹೊಳಪು ಗೋಡೆ ಮುಟ್ಟುತ್ತಲೇ ಇರಲಿಲ್ಲ.

ಈಗ ಲುಮೆನ್. ಲೈಟು ಎಲ್ಲ ಕಡೆಗೂ ಚೆಲ್ಲುವ ಒಟ್ಟು ಬೆಳಕಿನ ಅಳತೆ ಅದು. ಒಂದು ದಿಕ್ಕಿಗೆ ಎಷ್ಟು ಜೋರಾಗಿ ಹೋಗುತ್ತದೆ ಅನ್ನುವುದಕ್ಕೆ ಬೇರೆ ಅಳತೆ ಇದೆ, ಕ್ಯಾಂಡೆಲಾ. ಒಳ್ಳೆ ಲೆನ್ಸ್ ಇರುವ 30 ಲುಮೆನ್ ಲೈಟು, ಬೆಳಕನ್ನು ಸುತ್ತಲೂ ಚೆಲ್ಲುವ 100 ಲುಮೆನ್ ಲೈಟಿಗಿಂತ ದೂರಕ್ಕೆ ಚೆನ್ನಾಗಿ ಕಾಣಬಹುದು. ಹಾಗಂತ ಬರೀ ಹಿಂದಕ್ಕೆ ಕಂಡರೆ ಸಾಲದು. ಅಡ್ಡರಸ್ತೆಯಿಂದ ಬರುವವರಿಗೂ ಕಾಣಬೇಕು. ಲೆನ್ಸ್ ಪಕ್ಕಕ್ಕೂ ಸ್ವಲ್ಪ ಸುತ್ತಿಕೊಂಡಿರುವ ಲೈಟು ನೋಡಿ.

ಕತ್ತಲ ರಸ್ತೆಗೆ 20ರಿಂದ 40 ಲುಮೆನ್ ಧಾರಾಳ ಸಾಕು, ಮುಖ ಸರಿಯಾಗಿದ್ದರೆ. ಬಿಸಿಲಿನಲ್ಲಿ ಕಾಣಬೇಕಾದರೆ 100ಕ್ಕಿಂತ ಮೇಲೆ ಬೇಕು. ನಾನಾದರೆ 100ರ ಆಸುಪಾಸಿನದು ತಗೊಂಡು ರಾತ್ರಿ ಕಡಿಮೆ ಮಾಡಿಕೊಳ್ಳುತ್ತೇನೆ. 300 ಲುಮೆನ್ನನ್ನು ಪೂರ್ತಿ ಬೆಳಕಿನಲ್ಲಿ ರಾತ್ರಿ ಹಾಕಬೇಡಿ. ಹಿಂದಿನವರ ಕಣ್ಣು ಕುಕ್ಕುತ್ತದೆ. ಲೈಟು ಕಾಣುತ್ತದೆ, ಅದರ ಸುತ್ತ ಇರುವ ನೀವು ಕಾಣುವುದಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನೀವು 20ರಲ್ಲಿ ಇದ್ದರೆ, ಅದು ನಿಮ್ಮನ್ನು ಸೆಕೆಂಡಿಗೆ 11 ಮೀಟರ್‌ನಂತೆ ಸಮೀಪಿಸುತ್ತದೆ. ನೀವು 50 ಮೀಟರ್‌ನಿಂದ ಕಂಡರೆ ಡ್ರೈವರ್‌ಗೆ ಸಿಗುವುದು ನಾಲ್ಕೂವರೆ ಸೆಕೆಂಡ್. 200 ಮೀಟರ್‌ನಿಂದ ಕಂಡರೆ 18 ಸೆಕೆಂಡ್. ನಿಮ್ಮ ಸಹೋದ್ಯೋಗಿ ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ಹೆಚ್ಚಿನವರು ಇಂಥದ್ದನ್ನು ನೋಡಿದರೂ ಹೇಳುವುದಿಲ್ಲ.

* * *

ಮೇಲಿನವರು ಹೇಳಿದ ಗೋಡೆ ಪರೀಕ್ಷೆಯನ್ನು ನಿನ್ನೆಯೇ ಮಾಡಿದೆ. ನನ್ನದೂ ನೆಲ ನೋಡುತ್ತಿತ್ತು! ತುಂಬಾ ಥ್ಯಾಂಕ್ಸ್.

ನನಗೆ ಹೇಳಬೇಕಿರುವುದು ಬ್ಯಾಟರಿ ಮತ್ತು ಮಳೆಯ ಬಗ್ಗೆ. ಹಿಂದಿನ ಲೈಟಿನ ಕಷ್ಟ ಏನೆಂದರೆ ಅದು ಆರಿಹೋದದ್ದು ನಮಗೆ ಗೊತ್ತಾಗುವುದಿಲ್ಲ. ಮುಂದಿನದು ಆರಿದರೆ ರಸ್ತೆ ಕಾಣುವುದಿಲ್ಲ, ತಕ್ಷಣ ತಿಳಿಯುತ್ತದೆ. ಒಂದು ಸಲ ಮನೆಗೆ ಬಂದು ಸೈಕಲ್ ನಿಲ್ಲಿಸಿದಾಗ ಹಿಂದೆ ಕತ್ತಲು. ಯಾವಾಗ ಆರಿತ್ತೋ, ಎಷ್ಟು ದೂರ ಹಾಗೇ ಬಂದಿದ್ದೆನೋ. ಅವತ್ತಿನಿಂದ ಹಿಂದೆ ಎರಡು ಲೈಟು ಇಲ್ಲದೆ ರಾತ್ರಿ ಹೊರಡುವುದಿಲ್ಲ. ಎರಡನ್ನೂ ಒಂದೇ ದಿನ ಚಾರ್ಜ್ ಮಾಡುವುದೂ ಇಲ್ಲ, ಯಾಕೆಂದರೆ ಎರಡೂ ಒಂದೇ ದಿನ ಖಾಲಿಯಾಗಬಾರದು ಅಲ್ವಾ.

ಡಬ್ಬಿಯ ಮೇಲೆ "40 ಗಂಟೆ" ಅಂತ ದೊಡ್ಡದಾಗಿ ಬರೆದಿದ್ದರೆ ಅದು ಸಾಮಾನ್ಯವಾಗಿ ಅತಿ ಕಡಿಮೆ ಬೆಳಕಿನ ಮಿಣುಕಿಗೆ. ನೀವು ನಿಜವಾಗಿ ಬಳಸುವ ಬೆಳಕಿಗೆ ಎಷ್ಟು ಗಂಟೆ ಅಂತ ಸಣ್ಣ ಅಕ್ಷರದಲ್ಲಿ ಹುಡುಕಿ. ಅದರಲ್ಲೂ ಕೆಲವು ಲೈಟುಗಳು ಕೊನೆಯ ತನಕ ಒಂದೇ ಸಮ ಉರಿಯುತ್ತವೆ, ಕೆಲವು ನಿಧಾನಕ್ಕೆ ಮಂಕಾಗುತ್ತಾ ಹೋಗುತ್ತವೆ. ಎಫ್‌ಎಲ್ 1 ಅನ್ನುವ ಅಳತೆಯ ಕ್ರಮದಲ್ಲಿ, ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವ ತನಕದ ಸಮಯವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ನಾನು ಬರೆದಿರುವುದರ ಅರ್ಧದಷ್ಟು ಮಾತ್ರ ನಂಬುತ್ತೇನೆ.

ಮಳೆಗೆ ಐಪಿಎಕ್ಸ್ 4 ಅಂದರೆ ಎಲ್ಲ ಕಡೆಯಿಂದ ಎರಚಿದ ನೀರು ತಡೆಯುತ್ತದೆ. ಐಪಿಎಕ್ಸ್ 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಮಡ್‌ಗಾರ್ಡ್ ಇಲ್ಲದಿದ್ದರೆ ಚಕ್ರ ಎರಚುವ ಕೆಸರು ನೇರ ಲೈಟಿಗೇ ಹೊಡೆಯುತ್ತದೆ, ಆಗ ಎರಡನೆಯದು ಒಳ್ಳೆಯದು. ನನ್ನ ಮೊದಲ ಲೈಟು ಕೆಟ್ಟದ್ದು ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾಗಿ. ಮುಚ್ಚಳ ಗಟ್ಟಿಯಾಗಿ ಕೂರುತ್ತದಾ ಅಂತ ಉಗುರಿನಿಂದ ಎಬ್ಬಿಸಿ ನೋಡಿ. ತೂತು ಕೆಳಮುಖವಾಗಿದ್ದರೆ ಇನ್ನೂ ವಾಸಿ. ವಾರಕ್ಕೊಮ್ಮೆ ಲೆನ್ಸ್ ಒರೆಸಿ, ಒಣಗಿದ ಕೆಸರು ಬಹಳ ಬೆಳಕು ತಿನ್ನುತ್ತದೆ.

* * *

ಇಷ್ಟೊಂದು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದ. ಒಂದು ಮಾತು ಹೇಳಲು ಮರೆತಿದ್ದೆ. ನನ್ನ ಸೈಕಲ್‌ಗೆ ಕ್ಯಾರಿಯರ್ ಇದೆ, ಅದರ ಮೇಲೆ ಆಫೀಸಿನ ಬ್ಯಾಗು ಕಟ್ಟುತ್ತೇನೆ. ಈಗ ಹಿಂದೆ ಹೋಗಿ ನಿಂತು ನೋಡಿದರೆ, ಬ್ಯಾಗು ಇದ್ದಾಗ ಸೀಟ್ ಪೋಸ್ಟ್ ಕಾಣುವುದೇ ಇಲ್ಲ. ಇಷ್ಟು ದಿನ ಬ್ಯಾಗಿಗೆ ಲೈಟು ತೋರಿಸಿಕೊಂಡು ಬಂದಿದ್ದೇನೆ.

* * *

ಹಾಗಿದ್ದರೆ ಸೀಟ್ ಪೋಸ್ಟ್ ಬಿಟ್ಟುಬಿಡಿ, ಕ್ಯಾರಿಯರ್‌ನ ಹಿಂತುದಿಗೇ ಹಾಕಿ. ನಾನು ಮಗುವಿನ ಸೀಟು ಹಾಕಿದಾಗ ಇದೇ ತೊಂದರೆಯಾಗಿತ್ತು. ಲೈಟು ಮುಚ್ಚಿಹೋಗಿತ್ತು. ಬಹಳ ಕ್ಯಾರಿಯರ್‌ಗಳ ಹಿಂದೆ ಎರಡು ತೂತಿನ ತಗಡು ಇರುತ್ತದೆ. ಆ ತೂತುಗಳ ನಡುವೆ 50 ಅಥವಾ 80 ಮಿಲಿಮೀಟರ್ ಅಂತರ. ಅದೇ ಅಳತೆಗೆ ಬೋಲ್ಟ್ ಬರುವ ಲೈಟುಗಳಿವೆ. ಕೊಳ್ಳುವ ಮೊದಲು ಸ್ಕೇಲ್ ಹಿಡಿದು ನೋಡಿಕೊಳ್ಳಿ.

ಬೋಲ್ಟಿನ ಲೈಟಿನಲ್ಲಿ ನನಗೆ ಹಿಡಿಸಿದ್ದು ಅದು ಅಲ್ಲಾಡುವುದಿಲ್ಲ ಅನ್ನುವುದು. ರಬ್ಬರ್ ಪಟ್ಟಿ ತೆಗೆದು ಹಾಕಲು ಸುಲಭ, ನಿಜ. ಆದರೆ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಪಟ್ಟಿಯನ್ನು ಎಳೆದು ಹಿಡಿದು ಬೆಳಕಿಗೆ ನೋಡಿ, ಸಣ್ಣ ಗೆರೆಗಳು ಕಂಡರೆ ಬದಲಿಸುವ ಕಾಲ ಬಂತು. ನನ್ನದೊಂದು ಲೈಟು ಹಾಳು ರಸ್ತೆಯಲ್ಲಿ ಹೀಗೇ ಕಿತ್ತು ಬಿತ್ತು. ಹಿಂದೆ ಬಂದ ಲಾರಿ ಅದರ ಮೇಲೆ ಹೋಯಿತು. ಪಟ್ಟಿಯ ಲೈಟೇ ಬೇಕಿದ್ದರೆ ಜೊತೆಗೆ ಒಂದು ಗಟ್ಟಿ ದಾರ ಕಟ್ಟಿ, ಕಿತ್ತರೂ ನೇತಾಡುತ್ತದೆ. ದಾರ ಚಕ್ರಕ್ಕೆ ಸಿಗದಷ್ಟು ಗಿಡ್ಡ ಇರಲಿ.

ನಿಮ್ಮದು ದಿನಾ 24 ಕಿಲೋಮೀಟರ್. ಸೈಕಲ್‌ಗೆ ಜಾಸ್ತಿ ಖರ್ಚು ಮಾಡುವ ಮನಸ್ಸಿದ್ದರೆ ಮುಂದಿನ ಚಕ್ರದ ಹಬ್‌ನಲ್ಲೇ ಡೈನಮೋ ಇರುವ ವ್ಯವಸ್ಥೆಯನ್ನೂ ಯೋಚಿಸಿ. ಸಾಮಾನ್ಯವಾಗಿ 6 ವೋಲ್ಟ್, 3 ವಾಟ್. ಅದರಲ್ಲಿ ಹಿಂದಿನ ಲೈಟಿಗೆ 0.6 ವಾಟ್ ಸಾಕು. ಸಿಗ್ನಲ್‌ನಲ್ಲಿ ನಿಂತಾಗ ಆರಿಹೋಗುತ್ತದಲ್ಲ ಅಂತ ನನಗೂ ಅನುಮಾನ ಇತ್ತು. ಈಗಿನ ಎಷ್ಟೋ ಲೈಟುಗಳಲ್ಲಿ ಸ್ವಲ್ಪ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಳಗಿರುತ್ತದೆ, ನಿಂತ ಮೇಲೂ ಕೆಲವು ನಿಮಿಷ ಉರಿಯುತ್ತದೆ. ಚಾರ್ಜ್ ಮಾಡುವ ಯೋಚನೆಯೇ ಇಲ್ಲ. ನಾನು ಅದಕ್ಕೆ ಬದಲಾಯಿಸಿ ಮೂರು ವರ್ಷ ಆಯಿತು, ವಾಪಸ್ ಹೋಗುವ ಮಾತೇ ಇಲ್ಲ.

* * *

ಮಿಣುಕುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಸೈಕಲ್ಲೂ ಹೊಡೆಯುತ್ತೇನೆ, ರಾತ್ರಿ ಕಾರೂ ಓಡಿಸುತ್ತೇನೆ. ಕಾರಿನೊಳಗಿಂದ ಕಂಡದ್ದನ್ನು ಹೇಳುತ್ತೇನೆ.

ಮಿಣುಕುವ ಲೈಟು ಬೇಗ ಕಣ್ಣಿಗೆ ಬೀಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೂರ್ತಿ ಕತ್ತಲ ರಸ್ತೆಯಲ್ಲಿ ಅದು ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಅಂತ ಅಂದಾಜು ಸಿಗುವುದಿಲ್ಲ. ಆರಿದಾಗ ಒಂದು ಕಡೆ, ಹೊತ್ತಿದಾಗ ಇನ್ನೊಂದು ಕಡೆ ಇದ್ದ ಹಾಗೆ. ಒಂದೇ ಸಮ ಉರಿಯುವ ಲೈಟನ್ನು ಕಣ್ಣು ಹಿಂಬಾಲಿಸುತ್ತದೆ. ಜರ್ಮನಿಯಲ್ಲಿ ಸೈಕಲ್‌ಗೆ ಮಿಣುಕುವ ಲೈಟು ಹಾಕುವಂತೆಯೇ ಇಲ್ಲ. ಬ್ರಿಟನ್‌ನಲ್ಲಿ 2005ರಿಂದ ಹಾಕಬಹುದು, ಸೆಕೆಂಡಿಗೆ ಒಂದರಿಂದ ನಾಲ್ಕು ಸಲ ಮಿಣುಕಬೇಕು ಅಂತ ನಿಯಮ. ನೀವಿರುವ ಕಡೆ ಏನಿದೆ ನೋಡಿಕೊಳ್ಳಿ. ಎರಡು ಲೈಟಿದ್ದರೆ ಒಂದನ್ನು ಒಂದೇ ಸಮ ಉರಿಸಿ, ಇನ್ನೊಂದನ್ನು ನಿಧಾನಕ್ಕೆ ಮಿಣುಕಿಸಿ. ಕೆಲವದರಲ್ಲಿ ಪೂರ್ತಿ ಆರದೆ, ಉಸಿರಾಡಿದ ಹಾಗೆ ಹೆಚ್ಚು ಕಡಿಮೆಯಾಗುವ ಬೆಳಕಿರುತ್ತದೆ. ನನಗೆ ಅದೇ ಇಷ್ಟ. ಗುಂಪಿನಲ್ಲಿ ಹೋಗುವಾಗ ಮಾತ್ರ ಮಿಣುಕು ಬೇಡ, ಹಿಂದಿನವರಿಗೆ ತಲೆನೋವು ಬರುತ್ತದೆ.

ಹಗಲಿನಲ್ಲೂ ಹಾಕಿ. ಡೆನ್ಮಾರ್ಕ್‌ನ ಓಡೆನ್ಸೆಯಲ್ಲಿ 3,845 ಸೈಕಲ್ ಸವಾರರನ್ನು ಸೇರಿಸಿಕೊಂಡು ಒಂದು ವರ್ಷ ಪ್ರಯೋಗ ಮಾಡಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಚಕ್ರ ತಿರುಗಿದಾಗಲೆಲ್ಲ ಉರಿಯುವ ಲೈಟು ಕೊಟ್ಟರು. ಅವರು ಗಾಯಗೊಂಡ ಅಪಘಾತಗಳು ಉಳಿದವರಿಗಿಂತ ಶೇಕಡಾ 19ರಷ್ಟು ಕಡಿಮೆ ಇದ್ದವು.

ಇನ್ನೊಂದು, ಲೈಟಲ್ಲ. ಕಾಲಿನ ಮಣಿಕಟ್ಟಿಗೆ ಬೆಳಕು ಹೊಳೆಸುವ ಪಟ್ಟಿ ಕಟ್ಟಿಕೊಳ್ಳಿ. ಕಾರಿನ ಬೆಳಕು ಬಿದ್ದಾಗ ಎರಡು ಪಟ್ಟಿ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ನೋಡಿದ ಕೂಡಲೇ "ಸೈಕಲ್" ಅಂತ ತಲೆಗೆ ಹೊಳೆಯುತ್ತದೆ. ಬರೀ ಕೆಂಪು ಚುಕ್ಕೆ ಕಂಡರೆ ಅದು ಏನು ಅಂತ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಸೈಕಲ್‌ನ ಜೊತೆ ಬಂದ ಕೆಂಪು ರಿಫ್ಲೆಕ್ಟರ್ ತೆಗೆಯಬೇಡಿ, ಅದಕ್ಕೆ ಬ್ಯಾಟರಿ ಬೇಡ.

* * *

ಎಲ್ಲರಿಗೂ, ಏನು ಮಾಡಿದೆ ಅಂತ ಹೇಳಲು ಬಂದೆ. ನನ್ನ ಕ್ಯಾರಿಯರ್‌ನ ತೂತು 80 ಮಿಲಿಮೀಟರ್. ಅದಕ್ಕೆ ಹೊಂದುವ ಲೈಟು ತಂದು ಬೋಲ್ಟ್ ಹಾಕಿದೆ, ಪಕ್ಕಕ್ಕೂ ಕಾಣುತ್ತದೆ. ಒಂದೇ ಸಮ ಉರಿಯುತ್ತದೆ. ಹಳೆಯ ಸಣ್ಣ ಲೈಟನ್ನು ಹೆಲ್ಮೆಟ್ ಹಿಂದೆ ಹಾಕಿಕೊಂಡಿದ್ದೇನೆ, ಅದು ನಿಧಾನಕ್ಕೆ ಮಿಣುಕುತ್ತದೆ. ಬ್ಯಾಗಿನ ಉದ್ದದ ಪಟ್ಟಿ ಲೈಟಿನ ಮೇಲೆ ಜೋತುಬೀಳುತ್ತಿತ್ತು, ಅದನ್ನು ಕತ್ತರಿಸಿ ತುದಿ ಸುಟ್ಟು ಹಾಕಿದೆ. ಮಳೆಕೋಟಿನ ಅಂಚೂ ಅಲ್ಲಿಗೆ ಬರುವುದಿಲ್ಲ, ನೋಡಿಕೊಂಡೆ.

ನಿನ್ನೆ ರಾತ್ರಿ ಅದೇ ಸಹೋದ್ಯೋಗಿಯನ್ನು ಹಿಂದೆ ಬರಲು ಕೇಳಿಕೊಂಡೆ. ದೀಪ ಇಲ್ಲದ ನೇರ ರಸ್ತೆಗೆ ತಿರುಗಿದ ಕೂಡಲೇ ಆ ತುದಿಯಿಂದಲೇ ಕಂಡೆನಂತೆ. ಆದರೆ ಹತ್ತಿರ ಬಂದಾಗ ಸ್ವಲ್ಪ ಕಣ್ಣಿಗೆ ಹೊಡೆಯಿತು ಅಂದರು. ಮನೆಗೆ ಬಂದು ಗೋಡೆ ಎದುರು ನಿಲ್ಲಿಸಿದೆ. ಹೊಳಪು ಲೈಟಿಗಿಂತ ಎರಡು ಗೇಣು ಮೇಲಿತ್ತು, ಕ್ಯಾರಿಯರ್ ತಗಡೇ ಸ್ವಲ್ಪ ಮೇಲಕ್ಕೆ ಬಾಗಿದೆ. ಲೈಟಿನ ಮೇಲಿನ ಅಂಚಿನ ಹಿಂದೆ ಟ್ಯೂಬಿನ ತುಂಡು ಸಿಕ್ಕಿಸಿ ಬೋಲ್ಟ್ ಬಿಗಿ ಮಾಡಿದ್ದೇನೆ. ಇವತ್ತು ಕತ್ತಲಾದ ಮೇಲೆ ಇನ್ನೊಂದು ಸಲ ನೋಡುತ್ತೇನೆ.