ಗದ್ದೆಯಿಂದ ಹರಿದ ನೀರು ಅಳಿವೆಯ ಬಳಚಿಗೆ ಹಾನಿ ಮಾಡುತ್ತದೆಯೇ?

ಕುಮಟಾ ಕೃಷಿಕ:
ನಮಸ್ಕಾರ. ನಮ್ಮ ಕಡೆ ಭತ್ತದ ಕೊಯ್ಲಾದ ಮೇಲೆ ಪಂಪಿನ ನೀರಿನಲ್ಲಿ ಶೇಂಗಾ, ಈರುಳ್ಳಿ ಬೆಳೆಯುತ್ತೇವೆ. ಹೆಚ್ಚಾದ ನೀರು ಯೂರಿಯಾ, ಡಿಎಪಿಗಳನ್ನು ಕರಗಿಸಿಕೊಂಡು ಹಳ್ಳದ ಮೂಲಕ ಅಘನಾಶಿನಿ ನದಿಯ ಅಳಿವೆಗೆ ಇಳಿಯುತ್ತದೆ. ಏಪ್ರಿಲ್ ಹೊತ್ತಿಗೆ ಹಳ್ಳದ ಬಾಯಲ್ಲಿ ಪಾಚಿ ದಪ್ಪವಾಗಿ ಕಟ್ಟುತ್ತದೆ. ಸಮುದ್ರದ ನೀರು ದಿನಕ್ಕೆರಡು ಬಾರಿ ಬಂದು ಹೋಗುವ ಜಾಗದಲ್ಲಿ ಇಷ್ಟು ಗೊಬ್ಬರದಿಂದ ಕೆಸರಿನ ಚಿಪ್ಪುಜೀವಿಯಾದ ಬಳಚಿಗೆ ತೊಂದರೆಯಾದೀತೇ?

ಜಲಜೀವಿ:
ಆದೀತು. ಸಿಹಿನೀರಿನ ಕೆರೆಗಳಲ್ಲಿ ಪಾಚಿಯನ್ನು ಸಾಮಾನ್ಯವಾಗಿ ರಂಜಕದ ಕೊರತೆ ಹದ್ದಿನಲ್ಲಿಡುತ್ತದೆ. ಉಪ್ಪುನೀರಿನತ್ತ ಸಾಗಿದಂತೆ ಹೆಚ್ಚಾಗಿ ಸಾರಜನಕದ ಕೊರತೆ ಆ ಕೆಲಸ ಮಾಡುತ್ತದೆ. ಅದನ್ನೇ ಯೂರಿಯಾ ನೀಗಿಸಿಬಿಡುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನ ತೆಗೆದ ನೀರಿನ ಮಾದರಿ ಚೆನ್ನಾಗಿಯೇ ಕಾಣುತ್ತದೆ; ರಾತ್ರಿ ಅದೇ ಪಾಚಿ ಉಸಿರಾಡುತ್ತ, ಸತ್ತದ್ದು ತಳದಲ್ಲಿ ಕೊಳೆಯುತ್ತ, ಇದ್ದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಹಗುರವಾದ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಪದರಗಟ್ಟಿ ನಿಂತರಂತೂ ಗಾಳಿ ತಳಕ್ಕೆ ಇಳಿಯುವುದೇ ಇಲ್ಲ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆಯಾದಾಗ ಮೀನು ಬೇರೆಡೆಗೆ ಹೋಗಬಹುದು, ಕೆಸರಿನಲ್ಲಿ ಹುದುಗಿರುವ ಬಳಚು ಹೋಗಲಾರದು. ಅಳೆಯಿಸುವುದಾದರೆ ಸೂರ್ಯೋದಯಕ್ಕೆ ಮುನ್ನ, ತಳದ ನೀರನ್ನೇ ಅಳೆಯಿಸಿ. ನಿಮ್ಮ ಹಳ್ಳದ ಬಾಯಿಗೆ ಕಟ್ಟೆಯಿದೆಯೇ?

ಕುಮಟಾ ಕೃಷಿಕ:
ಇದೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಬೇಸಿಗೆಯುದ್ದಕ್ಕೂ ಹಲಗೆ ಹಾಕಿರುತ್ತೇವೆ.

ಆಲಪ್ಪುಳದ ಕನ್ನಡಿಗ:
ಹಾಗಿದ್ದರೆ ಕೇರಳದ ಹಿನ್ನೀರ ಸರೋವರವಾದ (ಅಲ್ಲಿನವರು ಕಾಯಲು ಎನ್ನುತ್ತಾರೆ) ವೇಂಬನಾಡಿನ ಕಥೆಯನ್ನು ನೀವು ತಿಳಿದಿರಲೇಬೇಕು. ಅದರ ಪಕ್ಕದ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಅಲ್ಲಿನ ನೀರನ್ನು ಪಂಪಿನಿಂದ ಎತ್ತಿ ಕಾಯಲಿಗೆ ಬಿಡುತ್ತಾರೆ. ಉಪ್ಪುನೀರು ತಡೆಯಲೆಂದು 1976ರಲ್ಲಿ ಬಳಕೆಗೆ ಬಂದ ತಣ್ಣೀರ್‌ಮುಕ್ಕಂ ಕಟ್ಟೆಯ ಬಾಗಿಲುಗಳನ್ನು ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ, ಕೊಯ್ಲು ತಡವಾದರೆ ಇನ್ನೂ ಹೆಚ್ಚು ಕಾಲ ಮುಚ್ಚುತ್ತಾರೆ. ಬೆಳೆಗೆ ಗೊಬ್ಬರ, ಕೀಟನಾಶಕ ಬೀಳುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಭರತ ಇಳಿತಗಳಿಲ್ಲದೆ ಆ ನೀರು ಅಲ್ಲಿಯೇ ನಿಲ್ಲುತ್ತದೆ. ಉಪ್ಪು ತಾಗಿದರೆ ಸಾಯುವ ನೀರುಕಳೆ ದೋಣಿ ಸಾಗದಷ್ಟು ಹಬ್ಬುತ್ತದೆ. ಅಲ್ಲಿಯ ಕಪ್ಪು ಚಿಪ್ಪಿನ ಬಳಚು ಮರಿಮಾಡಲು ಸ್ವಲ್ಪ ಉಪ್ಪು ಬೇಕೇ ಬೇಕು. ಕಟ್ಟೆಯ ದಕ್ಷಿಣಕ್ಕೆ ಅದಕ್ಕೆ ಬಿದ್ದ ಪೆಟ್ಟು ಗೊಬ್ಬರವೊಂದರಿಂದಲೇ ಆದದ್ದಲ್ಲ, ನೀರಿನ ಓಡಾಟ ನಿಂತದ್ದರಿಂದಲೂ ಆದದ್ದು.

ಜಲಜೀವಿ:
ಅಘನಾಶಿನಿಗೆ ಅಣೆಕಟ್ಟಿಲ್ಲದಿರುವುದು ಇದೇ ಕಾರಣಕ್ಕೆ ದೊಡ್ಡ ಭಾಗ್ಯ. ಆದರೆ ನಿಮ್ಮ ಹಲಗೆಯ ಹಿಂದಿರುವುದು ಪುಟ್ಟ ವೇಂಬನಾಡೇ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಟ್ಟು, ಕೊಟ್ಟ ಮೇಲೆ ಕೆಲವು ದಿನ ನೀರು ಹೊರಹರಿಯದಂತೆ ಬದು ಭದ್ರಮಾಡಿ. ಬೆಳೆ ತೆಗೆದ ಕೂಡಲೇ ಹಲಗೆ ಎತ್ತಿ. ಹಳ್ಳದಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ದಯವಿಟ್ಟು ಕಡಿಯಬೇಡಿ. ಅವುಗಳ ಬೇರಿನ ನಡುವಿನ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು, ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಅಡಿಕೆ ತೋಟವಿರುವ ನೆರೆಯವರಿಗೂ ಒಂದು ಮಾತು ತಿಳಿಸಿ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅದರ ತಾಮ್ರ ಚಿಪ್ಪುಜೀವಿಗಳ ಮರಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಔಷಧಿ ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬಾರದು.