‘ಲೂಪ್’ಗೆ ಕುಣಿಕೆಯೋ, ಸುತ್ತೋ? ಕ್ವಾಂಟಮ್ ಗುರುತ್ವದ ಕೆಲವು ಪದಗಳು

ಸ್ನೇಹಿತರೇ,

ಗುರುತ್ವವನ್ನೂ ಕ್ವಾಂಟಮ್ ನಿಯಮಗಳಡಿ ತರಲು ಹೊರಟ ಕ್ವಾಂಟಮ್ ಗುರುತ್ವದ ಬಗ್ಗೆ ಪದವಿಪೂರ್ವ ವಿದ್ಯಾರ್ಥಿಗಳು ಓದುವಂಥ ಲೇಖನವೊಂದನ್ನು ಬರೆಯುತ್ತಿದ್ದೇನೆ. ಈ ಕ್ಷೇತ್ರದ ಎರಡು ದೊಡ್ಡ ಹಾದಿಗಳಾದ ‘ಸ್ಟ್ರಿಂಗ್ ಥಿಯರಿ’ ಮತ್ತು ‘ಲೂಪ್ ಕ್ವಾಂಟಮ್ ಗ್ರಾವಿಟಿ’ಗಳಿಗೆ ಕನ್ನಡದಲ್ಲಿ ಏನು ಹೆಸರಿಡುವುದು ಎಂಬಲ್ಲಿಗೆ ಬರವಣಿಗೆ ನಿಂತಿದೆ. ಲೂಪ್ ಎಂದೊಡನೆ ನಮಗೆ ಹೊಳೆಯುವುದು ಕುಣಿಕೆ. ಇಲ್ಲಿ ಅದು ಬೇಡ, ‘ಸುತ್ತು’ ಎನ್ನೋಣ ಎಂಬುದು ನನ್ನ ವಾದ. ಬಲ್ಲವರು ಒರೆಗೆ ಹಚ್ಚಿ ನೋಡಬೇಕು.

ಮೊದಲು ಸ್ಟ್ರಿಂಗ್. ಎಳೆ, ತಂತು, ತಂತಿ ಎಂಬ ಮೂರೂ ಪದಗಳು ನಮ್ಮ ಮುಂದಿವೆ. ಎಳೆಗೆ ಬಿಗಿಯಿಲ್ಲ, ಸೀರೆಯಿಂದ ಹೊರಬಂದ ಎಳೆ ಜೋತು ಬೀಳುತ್ತದೆ. ಈ ಸಿದ್ಧಾಂತದಲ್ಲಾದರೋ ಬಿಗಿಯೇ ಜೀವಾಳ. ವೀಣೆಯ ತಂತಿಯ ಹಾಗೆ ಅದು ಮಿಡಿಯಬೇಕು, ಒಂದೊಂದು ಬಗೆಯ ಮಿಡಿತ ಒಂದೊಂದು ಕಣವಾಗಿ ಕಾಣಬೇಕು. 1974ರಲ್ಲಿ ಭೌತವಿಜ್ಞಾನಿಗಳಾದ ಶೆರ್ಕ್ ಮತ್ತು ಶ್ವಾರ್ಟ್ಸ್ ಗುರುತಿಸಿದ್ದೂ ಇದನ್ನೇ: ತುದಿಗಳಿಲ್ಲದ ತಂತಿಯ ಒಂದು ಮಿಡಿತಕ್ಕೆ ಗುರುತ್ವದ ಕಣವಾದ ಗ್ರಾವಿಟಾನ್‌ನ ಲಕ್ಷಣಗಳೆಲ್ಲ ಇದ್ದವು. ತಂತು ಎಂದರೆ ನರತಂತು ನೆನಪಾಗುತ್ತದೆ, ಮಿಡಿತ ನೆನಪಾಗುವುದಿಲ್ಲ. ಹಾಗಾಗಿ ನನ್ನ ಮತ ತಂತಿಗೆ. ಎರಡು ತುದಿಗಳೂ ಕೂಡಿಕೊಂಡ ತಂತಿಯನ್ನು ‘ಮುಚ್ಚಿದ ತಂತಿ’ ಎಂದರೆ ಏನೋ ಹೊದಿಸಿದಂತೆ ಕೇಳಿಸುತ್ತದೆ. ‘ಬಳೆತಂತಿ’ ಎಂದರೆ ಚಿತ್ರ ತಾನಾಗಿ ಮೂಡುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದ. ತಂತಿಯ ಮಾತು ಮುಗಿಸಿ ಪಕ್ಕದಲ್ಲೇ ‘ಕುಣಿಕೆ ಗುರುತ್ವ’ ಎಂದು ಬರೆದರೆ ಓದುಗ ಏನೆಂದುಕೊಳ್ಳಬೇಕು? ಕುಣಿಕೆ ಹಗ್ಗದಿಂದಲೋ ತಂತಿಯಿಂದಲೋ ಆಗುವಂಥದ್ದು. ಒಂದು ಗುಂಪಿನವರ ತಂತಿಯನ್ನೇ ಇನ್ನೊಂದು ಗುಂಪಿನವರು ಗಂಟು ಹಾಕಿದ್ದಾರೆ ಎಂದು ಆತ ತಿಳಿದರೆ ತಪ್ಪು ಅವನದಲ್ಲ. ಈ ಎರಡು ಹಾದಿಗಳ ಜಗಳದ ಮೂಲವೇ ಹೀಗೆ ಮರೆಯಾಗಿಬಿಡುತ್ತದೆ. ತಂತಿ ದೇಶದಲ್ಲಿ, ಅಂದರೆ ‘ಸ್ಪೇಸ್’ನಲ್ಲಿ, ಇರುವ ಒಂದು ವಸ್ತು. ಅದು ಮಿಡಿಯಲು ಹತ್ತು ಆಯಾಮಗಳ ದೇಶಕಾಲವನ್ನು ಮೊದಲೇ ಹಾಸಿಕೊಟ್ಟು ಲೆಕ್ಕ ಶುರುಮಾಡುವುದು ವಾಡಿಕೆ. ಲೂಪ್‌ನವರು ಆ ಹಾಸನ್ನೇ ಒಪ್ಪುವುದಿಲ್ಲ. ಅವರ ಲೂಪ್ ವಸ್ತುವಲ್ಲ, ಹೊರಟಲ್ಲಿಗೇ ಮರಳುವ ಒಂದು ನಡಿಗೆ.

ಇದನ್ನು ಕಣ್ಣಾರೆ ಕಾಣಬಹುದು. ಶಾಲೆಯ ಗ್ಲೋಬ್ ಒಂದನ್ನು ತೆಗೆದುಕೊಳ್ಳಿ. ಉತ್ತರ ಧ್ರುವದಲ್ಲಿ ಒಂದು ಗುಂಡುಸೂಜಿಯನ್ನು ಅಡ್ಡಲಾಗಿ ಇಟ್ಟು, ಮೊನೆಯನ್ನು ಗ್ರೀನಿಚ್ ರೇಖೆಯ ಕಡೆಗೆ ತಿರುಗಿಸಿ. ಸೂಜಿಯನ್ನು ಎಲ್ಲೂ ಹೊರಳಿಸದೆ ಆ ರೇಖೆಯ ಮೇಲೆಯೇ ಭೂಮಧ್ಯರೇಖೆಯವರೆಗೆ ಇಳಿಸಿ, ಮೊನೆ ದಕ್ಷಿಣಕ್ಕಿರುತ್ತದೆ. ಅಲ್ಲಿಂದ ಪೂರ್ವಕ್ಕೆ 90 ಡಿಗ್ರಿ ರೇಖಾಂಶದವರೆಗೆ ಸರಿಸಿ. ಮೊನೆ ಇನ್ನೂ ದಕ್ಷಿಣಕ್ಕೇ ಇದೆ. ಈಗ ಆ ರೇಖಾಂಶ ಹಿಡಿದು ನೇರ ಧ್ರುವಕ್ಕೆ ಏರಿಸಿ. ಹೊರಟ ಜಾಗಕ್ಕೇ ಬಂದಿದ್ದೀರಿ, ಎಲ್ಲೂ ತಿರುಗಿಸಿಲ್ಲ, ಆದರೂ ಸೂಜಿ ಪೂರಾ 90 ಡಿಗ್ರಿ ತಿರುಗಿದೆ. ನೆಲ ಬಾಗಿದೆ ಎಂದು ಹೇಳಿದ್ದು ಆ ಒಂದು ಸುತ್ತು. ಸುತ್ತು ಹೆಚ್ಚು ಜಾಗವನ್ನು ಬಳಸಿ ಬಂದಷ್ಟೂ ಗೋಳದ ಮೇಲೆ ಈ ತಿರುವು ಹೆಚ್ಚುತ್ತದೆ.

ಅಭಯ್ ಅಷ್ಟೇಕರ್ 1986ರಲ್ಲಿ ಐನ್‌ಸ್ಟೈನರ ಸಮೀಕರಣಗಳನ್ನು ದೂರದ ಅಳತೆಯ ಬದಲು ಇಂಥ ತಿರುವಿನ ಲೆಕ್ಕದಲ್ಲಿ ತಿರುಗಿ ಬರೆದರು. ಅದನ್ನು ಹಿಡಿದು ರೊವೆಲ್ಲಿ ಮತ್ತು ಸ್ಮೋಲಿನ್ ಸುತ್ತುಗಳನ್ನೇ ಮೂಲವಾಗಿಟ್ಟು ಕ್ವಾಂಟಮ್ ಲೆಕ್ಕ ಕಟ್ಟಿದರು. ಅಲ್ಲಿನ ಗಣಿತ ಗ್ಲೋಬಿಗಿಂತ ಬಹಳ ತೊಡಕಿನದು, ತಿರುಳು ಇದೇ. 1995ರಲ್ಲಿ ಅವರಿಗೆ ಸಿಕ್ಕ ಫಲಿತಾಂಶ ನನಗೆ ಇಂದಿಗೂ ರೋಮಾಂಚನ ತರುತ್ತದೆ: ವಿಸ್ತೀರ್ಣವೂ ಘನಫಲವೂ ಎಷ್ಟು ಬೇಕಾದರೂ ಕಿರಿದಾಗಲಾರವು, ಅವು ಬಿಡಿಬಿಡಿ ಮೆಟ್ಟಿಲುಗಳಲ್ಲಿ ಮಾತ್ರ ಬರುತ್ತವೆ. ಆ ಮೆಟ್ಟಿಲಿನ ಗಾತ್ರ ಸುಮಾರು 10⁻³⁵ ಮೀಟರಿನ ಪ್ಲಾಂಕ್ ಉದ್ದದ ಆಸುಪಾಸಿನದು. ಕ್ವಾಂಟಮ್‌ಗೆ ‘ಶಕಲ’ ಎನ್ನುವ ಹಿರಿಯರ ಪದ ಈ ಜಾಗದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ, ಜಾಗವೇ ಶಕಲ ಶಕಲವಾಗಿದೆ.

ಕುಣಿಕೆಯನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಕಣಗಳ ಒಡನಾಟವನ್ನು ಗೆರೆಗಳಲ್ಲಿ ಬರೆದು ಲೆಕ್ಕ ಹಾಕುವ ಫೈನ್‌ಮನ್ ಚಿತ್ರಗಳಲ್ಲಿ ಗೆರೆಗಳು ಕೂಡಿ ಆಗುವ ಲೂಪ್‌ಗೆ ಅದೇ ಸರಿ. ಪದಾರ್ಥವಿಲ್ಲದ ಬರಿಯ ಗುರುತ್ವದ ಲೆಕ್ಕ ಒಂದು ಕುಣಿಕೆಯ ಮಟ್ಟದಲ್ಲಿ ಸರಿಹೋಗುತ್ತದೆಂದು 1974ರಲ್ಲಿ ಟ್ ಹೂಫ್ಟ್ ಮತ್ತು ವೆಲ್ಟ್‌ಮನ್ ತೋರಿಸಿದರು. ಎರಡು ಕುಣಿಕೆಗಳಾದರೆ ಅನಂತ ಬಂದು ಕೆಡುತ್ತದೆಂದು 1985ರಲ್ಲಿ ಗೊರಾಫ್ ಮತ್ತು ಸ್ಯಾಗ್ನೊಟ್ಟಿ ಲೆಕ್ಕ ಹಾಕಿದರು. ಹೊಸ ಹಾದಿಗಳು ಬೇಕಾಗಿದ್ದೇ ಈ ಅನಂತದ ಕಾಟದಿಂದ. ಅಂದಮೇಲೆ ಒಂದೇ ಲೇಖನದಲ್ಲಿ ಮೂರು ಲೂಪ್‌ಗಳು ಬರುತ್ತವೆ: ತುದಿಗಳು ಕೂಡಿದ ತಂತಿ, ಫೈನ್‌ಮನ್ ಚಿತ್ರದ ಗೆರೆ, ಹೊರಟಲ್ಲಿಗೇ ಮರಳುವ ನಡಿಗೆ. ಇಂಗ್ಲಿಷ್ ಓದುಗ ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕು. ನಮಗೆ ಬಳೆ, ಕುಣಿಕೆ, ಸುತ್ತು ಎಂಬ ಮೂರು ಪದಗಳು ಮನೆಯಲ್ಲೇ ಇರುವಾಗ ಒಂದಕ್ಕೇ ಏಕೆ ಜೋತುಬೀಳಬೇಕು?

ಲೂಪ್ ಎಂದೇ ಇರಲಿ ಎನ್ನುವವರಿದ್ದಾರೆ. ಕ್ವಾಂಟಮ್ ನಮ್ಮಲ್ಲಿ ಬೇರೂರಿದೆ, ಒಪ್ಪಿದೆ. ಲೂಪ್ ಹಾಗಲ್ಲ, ಪತ್ರಿಕೆಯ ಓದುಗನಿಗೆ ಅದು ರೈಲಿನ ಲೂಪ್ ಲೈನ್. ಕುಟುಂಬ ಯೋಜನೆಯವರು ಗರ್ಭ ತಡೆಯಲು ಅಳವಡಿಸುವ ತಮ್ಮ ಲೂಪ್‌ಗೆ ‘ವಂಕಿ’ ಎಂದು ಆಭರಣದ ಹೆಸರನ್ನೇ ಕೊಟ್ಟು ಹಳ್ಳಿಹಳ್ಳಿಗೂ ತಲುಪಿಸಿದರು. ವಸ್ತು ಏನೆಂದು ನೋಡಿ ಹೆಸರಿಟ್ಟದ್ದರಿಂದ ಅದು ನಿಂತಿತು.

‘ಸುತ್ತು’ವಿನ ಅಕ್ಕಪಕ್ಕದ ಪದಗಳನ್ನೂ ನೋಡಿದ್ದೇನೆ. ಪ್ರದಕ್ಷಿಣೆಗೆ ದಿಕ್ಕು ಗೊತ್ತಾಗಿಬಿಟ್ಟಿದೆ, ನಡುವೆ ದೇವರೂ ಬೇಕು. ಪರಿಭ್ರಮಣವನ್ನು ಭೂಮಿ ಸೂರ್ಯನನ್ನು ಸುತ್ತುವುದಕ್ಕೆ ಪಠ್ಯಪುಸ್ತಕಗಳು ಬಳಸಿವೆ. ಆವರ್ತ ಎಂದರೆ ರಸಾಯನಶಾಸ್ತ್ರದ ಕೋಷ್ಟಕ ಕಣ್ಣಮುಂದೆ ಬರುತ್ತದೆ. ‘ಸುತ್ತುದಾರಿ’ ಅಂತೂ ಬೇಡವೇ ಬೇಡ, ಅದು ಬಳಸುದಾರಿಯಾಗಿ ತಡವಾಗಿಯಾದರೂ ಬೇರೊಂದು ಊರಿಗೇ ಮುಟ್ಟಿಸುತ್ತದೆ. ‘ಒಂದು ಸುತ್ತು ಹಾಕಿ ಬಂದೆ’ ಎಂದಾಗ ಮಾತ್ರ ಹೊರಟಲ್ಲಿಗೆ ಮರಳಿದ್ದೂ ಮಾತಿನೊಳಗೇ ಸೇರಿದೆ.

‘ಸುತ್ತುಗುರುತ್ವ’ ಎಂದು ಬೆಸೆದರೆ ಅರಿಸಮಾಸ ಎಂದು ಆಕ್ಷೇಪ ಬಂದೀತು. ‘ಸುತ್ತಿನ ಗುರುತ್ವ’ ಎಂದು ಬಿಡಿಸಿ ಬರೆದರೆ ಆ ತಕರಾರಿಲ್ಲ. ಗುರುತ್ವ ಎಂದಷ್ಟೇ ಬರೆಯುವುದೂ ಬೇಕೆಂದೇ: ಐನ್‌ಸ್ಟೈನರ ನೋಟದಲ್ಲಿ ಅದು ಸೆಳೆತವಲ್ಲ, ದೇಶಕಾಲದ ಬಾಗು, ಆದ್ದರಿಂದ ‘ಆಕರ್ಷಣೆ’ ಇಲ್ಲಿ ಸಲ್ಲದು.

ಇನ್ನೊಂದು ಪದಕ್ಕೆ ನಿಮ್ಮ ನೆರವು ಬೇಕು. ಬೊಂಬೆಲ್ಲಿ, ಲೀ, ಮೇಯರ್ ಮತ್ತು ಸೋರ್ಕಿನ್ 1987ರಲ್ಲಿ ಮುಂದಿಟ್ಟ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಕೆಲಸ ನಡೆದಿರುವ ‘ಕಾಸಲ್ ಸೆಟ್’ ಎಂಬ ಹಾದಿಯದು. ಅಲ್ಲಿ ದೇಶಕಾಲವೆಂದರೆ ಬಿಡಿ ಘಟನೆಗಳು ಮತ್ತು ಅವುಗಳ ಹಿಂದುಮುಂದು, ಅಷ್ಟೇ. ಸೆಟ್‌ಗೆ ಶಾಲೆಯಲ್ಲಿ ‘ಗಣ’ ಎನ್ನುತ್ತೇವೆ, ‘ಕಾರ್ಯಕಾರಣ’ ನಮ್ಮಲ್ಲಿ ಹಳೆಯ ಮಾತು. ಆದರೆ ಗಣದಲ್ಲಿ ಅಂಶಗಳ ಕ್ರಮ ಲೆಕ್ಕಕ್ಕಿಲ್ಲ ಎಂದು ಮಕ್ಕಳಿಗೆ ಮೊದಲ ಪಾಠದಲ್ಲೇ ಕಲಿಸುತ್ತೇವಲ್ಲ, ಇಲ್ಲಿ ಕ್ರಮವೇ ಸರ್ವಸ್ವ. ‘ಕಾರ್ಯಕಾರಣ ಗಣ’ ಎಂದರೆ ಗಣಿತ ಪಾಠ ಮಾಡುವವರಿಗೆ ಇದು ತೊಡಕಾಗುತ್ತದೆಯೇ, ಅಥವಾ ಕ್ರಮವನ್ನೂ ಹೆಸರಿನೊಳಗೆ ತರುವ ಬೇರೆ ಪದವಿದೆಯೇ?