ಸರ್ವರ್‌ನ ಸಿ ಡ್ರೈವ್ ಫುಲ್, ಏನು ಅಳಿಸಿದರೂ ಬೆಳಿಗ್ಗೆಗೆ ಮತ್ತೆ ಕೆಂಪು

ಮಂಡಿಲೆಕ್ಕ (ಕೋಲಾರ)
ಆಫೀಸ್ ಸರ್ವರ್‌ನ ಸಿ ಡ್ರೈವಲ್ಲಿ 410 ಎಂಬಿ ಮಾತ್ರ ಖಾಲಿ. ಟೆಂಪ್ ಅಳಿಸಿದೆ, ರೀಸೈಕಲ್ ಬಿನ್ ಖಾಲಿ ಮಾಡಿದೆ, ಡೌನ್‌ಲೋಡ್ಸ್ ಪೂರ್ತಿ ತೆಗೆದೆ. ಸಂಜೆ ಎರಡು ಮೂರು ಜಿಬಿ ಸಿಕ್ಕಿರುತ್ತೆ, ಬೆಳಿಗ್ಗೆ ನೋಡಿದರೆ ಮಾಯ. ಟೊಮ್ಯಾಟೊ ಸೀಸನ್ ಬೇರೆ. ಹರಾಜು ಮುಗಿದು ಪಟ್ಟಿ ಹಾಕೋ ಹೊತ್ತಿಗೆ ಸರಿಯಾಗಿ ಟ್ಯಾಲಿ ನಿಂತುಬಿಡುತ್ತೆ. ನಮ್ಮ ಡೇಟಾ ಒಂದೂ ಸಿ ನಲ್ಲಿಲ್ಲ. ಇನ್ನೇನು ಅಳಿಸಬೇಕು ಅಂತ ಬೇಗ ಹೇಳಿ.

ಶಿರಾಗೇಟ್ (ತುಮಕೂರು)
ವಿನ್ಎಸ್ಎಕ್ಸ್ಎಸ್ ಸರ್, ಬೇರೆ ಏನೂ ಅಲ್ಲ. ಸಿ:\ವಿಂಡೋಸ್ ಒಳಗೆ ಆ ಫೋಲ್ಡರ್ ಪ್ರಾಪರ್ಟೀಸ್ ನೋಡಿ, 14-15 ಜಿಬಿ ಇರುತ್ತೆ. ಹಳೇ ಅಪ್‌ಡೇಟ್‌ಗಳ ಗೋಡೌನ್ ಅದು. ಡಿಸ್ಕ್ ಕ್ಲೀನಪ್ ತೆಗೆದು "ವಿಂಡೋಸ್ ಅಪ್‌ಡೇಟ್ ಕ್ಲೀನಪ್" ಟಿಕ್ ಮಾಡಿ.

ಸ್ಪ್ಯಾನರ್ (ಮಾಲೂರು)
ಯಾವ ಸರ್ವರ್, ಯಾವ ವಿಂಡೋಸ್, ಸಿ ಎಷ್ಟು ದೊಡ್ಡದು, ರೇಡ್ (ಹಲವು ಡಿಸ್ಕ್ ಜೋಡಿಸಿ ಬಳಸೋದು) ಇದೆಯಾ? ಏನೂ ಹೇಳದೆ "ಬೇಗ ಹೇಳಿ" ಅಂದರೆ ಶಾಸ್ತ್ರ ಕೇಳಿಯೇ ಹೇಳಬೇಕು.

ಮಂಡಿಲೆಕ್ಕ
ಡೆಲ್ ಟಿ110 ಎರಡನೇ ಮಾಡೆಲ್. ವಿಂಡೋಸ್ ಸರ್ವರ್ 2012 ಆರ್2. ಸಿ 97.3 ಜಿಬಿ, ಡಿ 833 ಜಿಬಿ. ಒಳಗೆ ಎರಡು ಡಿಸ್ಕ್ ಇದೆ, ಎರಡರಲ್ಲೂ ಒಂದೇ ಇರುತ್ತೆ ಅಂತ ಹಾಕಿಕೊಟ್ಟವರು ಹೇಳಿದ್ದರು. ಡಿಸ್ಕ್ ಕ್ಲೀನಪ್ ಹುಡುಕಿದರೆ ಸಿಗ್ತಾನೇ ಇಲ್ಲ. ಮತ್ತೆ ನಾನು ಸರ್ ಅಲ್ಲ.

ಶಿರಾಗೇಟ್
ಸಾರಿ ಮೇಡಂ. 2012 ಆರ್2 ನಲ್ಲಿ ಡಿಸ್ಕ್ ಕ್ಲೀನಪ್ ಬೇಕಂದರೆ "ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್" ಫೀಚರ್ ಹಾಕಬೇಕು. ಸರ್ವರ್ ಮ್ಯಾನೇಜರ್, ಆಡ್ ರೋಲ್ಸ್ ಅಂಡ್ ಫೀಚರ್ಸ್, ಯೂಸರ್ ಇಂಟರ್ಫೇಸಸ್ ಅಡಿಯಲ್ಲಿದೆ.

ಕಪ್ಪುಪರದೆ (ಚಿಕ್ಕಬಳ್ಳಾಪುರ)
ಬೇಡ. 410 ಎಂಬಿ ಖಾಲಿ ಇರೋ ಡ್ರೈವಿಗೆ ಹೊಸ ಫೀಚರ್ ಹಾಕಿ ರೀಬೂಟ್ ಮಾಡಿದರೆ ಅರ್ಧದಲ್ಲಿ ಸಿಕ್ಕಿಕೊಂಡು, ಎದ್ದರೂ ಬದಲಾವಣೆ ರದ್ದಾಗಿ ಹಳೇ ಸ್ಥಿತಿಗೇ ವಾಪಸ್ ಹೋಗ್ತಿರುತ್ತೆ. ಇನ್ನೊಂದು: ವಿನ್ಎಸ್ಎಕ್ಸ್ಎಸ್ ಬಗ್ಗೆ ಎಕ್ಸ್‌ಪ್ಲೋರರ್ ತೋರಿಸೋ ಸೈಜ್ ನಂಬಬಾರದು. ಅದರೊಳಗಿನ ಬಹುಪಾಲು ಫೈಲ್ ಸಿಸ್ಟಮ್32ಕ್ಕೆ ಹಾರ್ಡ್‌ಲಿಂಕ್ ಆಗಿರುತ್ತೆ. ಡಿಸ್ಕ್ ಮೇಲೆ ಒಂದೇ ಪ್ರತಿ, ಎಣಿಕೆಯಲ್ಲಿ ಎರಡು ಸಲ. ನಿಜವಾದ ಲೆಕ್ಕ ಬೇಕಂದರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು:

ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ಅನಲೈಜ್‌ಕಾಂಪೊನೆಂಟ್‌ಸ್ಟೋರ್

ಜೊತೆಗೆ ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸೋ ವಿನ್‌ಡರ್‌ಸ್ಟ್ಯಾಟ್ ಅನ್ನೂ ಅಡ್ಮಿನ್ ಆಗಿಯೇ ಓಡಿಸಿ, ಮೇಲಿನ ಹತ್ತು ಸಾಲು ಹಾಕಿ. ಅಲ್ಲಿವರೆಗೂ ಏನೂ ಅಳಿಸಬೇಡಿ.

ಜೀರೋಬೈಟ್ (ಚಿಂತಾಮಣಿ)
ವಿನ್‌ಡರ್‌ಸ್ಟ್ಯಾಟ್ ಆಮೆ. ವಿಜ್‌ಟ್ರೀ ಹಾಕಿ, ಎಂಎಫ್‌ಟಿ (ಡ್ರೈವಿನ ಫೈಲ್ ಪಟ್ಟಿ) ನೇರವಾಗಿ ಓದುತ್ತೆ, ಸೆಕೆಂಡಲ್ಲಿ ಮುಗಿಯುತ್ತೆ. ಆಮೇಲೆ ಸಿ:\ವಿಂಡೋಸ್\ಇನ್‌ಸ್ಟಾಲರ್ ಅಂತ ಬಚ್ಚಿಟ್ಟ ಫೋಲ್ಡರ್ ಇರುತ್ತೆ, ಅದನ್ನು ಪೂರ್ತಿ ಖಾಲಿ ಮಾಡಿ. ಆರೇಳು ಜಿಬಿ ಗ್ಯಾರಂಟಿ.

ಕಪ್ಪುಪರದೆ
ಮೇಡಂ, ಇನ್‌ಸ್ಟಾಲರ್ ಫೋಲ್ಡರ್ ಮುಟ್ಟಲೇಬೇಡಿ. ಹಾಕಿರೋ ಪ್ರತಿ ಪ್ರೋಗ್ರಾಂನ ಎಂಎಸ್‌ಐ, ಎಂಎಸ್‌ಪಿ (ಇನ್‌ಸ್ಟಾಲ್, ಪ್ಯಾಚ್ ಫೈಲ್) ಪ್ರತಿಗಳು ಅಲ್ಲಿರುತ್ತವೆ. ಅಳಿಸಿದ ದಿನ ಏನೂ ಆಗಲ್ಲ. ಮುಂದೆ ಆಫೀಸ್ ರಿಪೇರಿ ಮಾಡೋಕೆ ಹೋದಾಗಲೋ ಯಾವುದಾದರೂ ಅನ್‌ಇನ್‌ಸ್ಟಾಲ್ ಮಾಡೋಕೆ ಹೋದಾಗಲೋ "ಮೂಲ ಫೈಲ್ ಎಲ್ಲಿ" ಅಂತ ಕೇಳುತ್ತೆ. ಆಗ ತಲೆ ಚಚ್ಚಿಕೊಳ್ಳಬೇಕು.

ಸ್ಪ್ಯಾನರ್
ವಿಜ್‌ಟ್ರೀ ಮನೆ ಬಳಕೆಗಷ್ಟೇ ಫ್ರೀ, ಆಫೀಸಿಗೆ ಲೈಸೆನ್ಸ್ ತಗೋಬೇಕು. ವಿನ್‌ಡರ್‌ಸ್ಟ್ಯಾಟ್ ಓಪನ್ ಸೋರ್ಸ್.

ಜೀರೋಬೈಟ್
ಕೋಲಾರದ ಮಂಡಿಗೆ ಲೈಸೆನ್ಸ್ ಚೆಕ್ ಮಾಡೋಕೆ ಯಾರು ಬರ್ತಾರೆ ಗುರು.

ಸ್ಪ್ಯಾನರ್
ಬರೋದು ಬಿಡೋದು ಬೇರೆ. ಫ್ರೀ ಅಲ್ಲದ್ದನ್ನು ಫ್ರೀ ಅಂತ ಇಲ್ಲಿ ಬರೀಬೇಡಿ.

ಮಂಡಿಲೆಕ್ಕ
ಎರಡೂ ಓಡಿಸಿದೆ.
ಡಿಸ್ಮ್: ಎಕ್ಸ್‌ಪ್ಲೋರರ್ ಸೈಜ್ 14.2 ಜಿಬಿ, ನಿಜ ಸೈಜ್ 9.1, ವಿಂಡೋಸ್ ಜೊತೆ ಹಂಚಿಕೊಂಡಿದ್ದು 5.9, ಬ್ಯಾಕಪ್ 2.8, ಕ್ಯಾಶ್ 0.4.
ವಿನ್‌ಡರ್‌ಸ್ಟ್ಯಾಟ್: ಒಟ್ಟು 58.3 ಜಿಬಿ. ಪೇಜ್‌ಫೈಲ್ 16, ವಿಂಡೋಸ್\ಟೆಂಪ್ 11.2, ವಿಂಡೋಸ್\ಲಾಗ್ಸ್ 2.4, ಉಳಿದದ್ದು ಚಿಲ್ಲರೆ.
ಟೆಂಪ್ ಅಂದರೆ ನಾನು ಅಳಿಸಿದ್ದಲ್ಲವಾ?

ಶಿರಾಗೇಟ್
ನೋಡಿ, ಅದೇ ವಿನ್ಎಸ್ಎಕ್ಸ್ಎಸ್, ಅಂದರೆ ಕಾಂಪೊನೆಂಟ್ ಸ್ಟೋರ್‌ನಲ್ಲಿ ಮೂರು ಜಿಬಿ ಇದೆ. /ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ /ರೀಸೆಟ್‌ಬೇಸ್ ಹೊಡೆಯಿರಿ, ಮುಗೀತು.

ಕಪ್ಪುಪರದೆ
ಮೂರು ಜಿಬಿ ಸಿಕ್ಕರೆ ಒಂದು ರಾತ್ರಿಗೆ ಸಾಕು ಅಷ್ಟೇ. ನೀವು ಅಳಿಸಿದ್ದು ನಿಮ್ಮ ಲಾಗಿನ್‌ನ ಟೆಂಪ್ ಮೇಡಂ. ವಿಂಡೋಸ್\ಟೆಂಪ್ ಬೇರೆ. ಅದರೊಳಗೆ ಕ್ಯಾಬ್_ ಅಂತ ಶುರುವಾಗಿ ಮುಂದೆ ಅಂಕಿ ಇರೋ ಫೈಲ್‌ಗಳ ಸಾಲು ಇದೆಯಾ? ಲಾಗ್ಸ್\ಸಿಬಿಎಸ್ ಒಳಗೆ ಎರಡು ಜಿಬಿ ಮೀರಿದ ಸಿಬಿಎಸ್‌ಪರ್ಸಿಸ್ಟ್ ಲಾಗ್ ಇದೆಯಾ?

ಮಂಡಿಲೆಕ್ಕ
ಹೌದು. ಕ್ಯಾಬ್_ ಫೈಲ್ ನೂರಕ್ಕೂ ಮೇಲಿವೆ. ಲಾಗ್ ಒಂದೇ 2.3 ಜಿಬಿ.

ಕಪ್ಪುಪರದೆ
ಇದು ವಿಂಡೋಸ್‌ನ ಹಳೇ ರೋಗ. ಸಿಬಿಎಸ್ ಲಾಗ್ (ಅಪ್‌ಡೇಟ್ ಹಾಕೋ ಭಾಗ ಬರೆಯೋ ದಾಖಲೆ) ದೊಡ್ಡದಾದಾಗ ಅದನ್ನು ಮೇಕ್‌ಕ್ಯಾಬ್ ಅನ್ನೋ ಪ್ರೋಗ್ರಾಂ ಕುಗ್ಗಿಸಿ ಕ್ಯಾಬ್ ಮಾಡಬೇಕು. ಲಾಗ್ 2 ಜಿಬಿ ದಾಟಿದರೆ ಕ್ಯಾಬ್‌ಗೆ ಅಷ್ಟು ದೊಡ್ಡ ಫೈಲ್ ಹಿಡಿಯಲ್ಲ, ಮೇಕ್‌ಕ್ಯಾಬ್ ಸೋಲುತ್ತೆ. ಅರ್ಧ ಮಾಡಿದ ಕ್ಯಾಬ್_ ಫೈಲನ್ನು ಟೆಂಪಲ್ಲೇ ಬಿಟ್ಟು ಹೋಗುತ್ತೆ. ಆಮೇಲೆ ಮತ್ತೆ ಅದೇ ಪ್ರಯತ್ನ, ಮತ್ತೊಂದು ಫೈಲ್. ಬರೀ ಕ್ಯಾಬ್_ ಅಳಿಸಿದರೆ ತಿರುಗಿ ಬರುತ್ತೆ, ಲಾಗೂ ಹೋಗಬೇಕು.

ಕ್ರಮ: ಸರ್ವೀಸಸ್‌ನಲ್ಲಿ "ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್" ನಿಲ್ಲಿಸಿ (ಕಮಾಂಡಲ್ಲಿ ನೆಟ್ ಸ್ಟಾಪ್ ಟ್ರಸ್ಟೆಡ್‌ಇನ್‌ಸ್ಟಾಲರ್). ಟಾಸ್ಕ್ ಮ್ಯಾನೇಜರಲ್ಲಿ ಮೇಕ್‌ಕ್ಯಾಬ್ ಓಡ್ತಿದ್ದರೆ ಎಂಡ್ ಮಾಡಿ. ಲಾಗ್ಸ್\ಸಿಬಿಎಸ್ ಒಳಗಿನ ಲಾಗ್‌ಗಳನ್ನು ಅಳಿಸಿ, ಫೋಲ್ಡರ್ ಅಳಿಸಬೇಡಿ. ನಂತರ ವಿಂಡೋಸ್\ಟೆಂಪ್‌ನ ಕ್ಯಾಬ್_ ಫೈಲ್‌ಗಳು. ಶಿಫ್ಟ್ ಒತ್ತಿ ಡಿಲೀಟ್ ಮಾಡಿ, ಇಲ್ಲಾಂದರೆ ಬಿನ್‌ಗೆ ಹೋಗಿ ಅಲ್ಲೇ ಕೂತಿರುತ್ತೆ. ಅಪ್‌ಡೇಟ್ ಇನ್‌ಸ್ಟಾಲ್ ಆಗ್ತಿರೋ ಹೊತ್ತಲ್ಲಿ ಮಾತ್ರ ಇದನ್ನು ಮಾಡಬಾರದು.

ಮಂಡಿಲೆಕ್ಕ
13.9 ಜಿಬಿ ಖಾಲಿ ತೋರಿಸ್ತಿದೆ! ತುಂಬಾ ಥ್ಯಾಂಕ್ಸ್ ಸರ್.

ಶಿರಾಗೇಟ್
ಪರಿಹಾರ ಆಯ್ತು ಅಂತ ಗುರುತು ಹಾಕಿ. ಅಂದ ಹಾಗೆ ಇಂಥ ತಲೆನೋವೇ ಬೇಡ ಅಂತ ನಮ್ಮಲ್ಲಿ ಫೈಲ್‌ಗಳನ್ನೆಲ್ಲ ಎಚ್‌ಪಿ ಮೈಕ್ರೋಸರ್ವರ್ ಜೆನ್8 ಮೇಲೆ ಫೈಲ್ ಸರ್ವರ್ ಸಾಫ್ಟ್‌ವೇರ್ ಟ್ರೂನಾಸ್‌ಗೆ ಹಾಕಿದೀವಿ. 16 ಜಿಬಿ ಇಸಿಸಿ ಮೆಮೊರಿ, 4 ಟಿಬಿ ಡಿಸ್ಕ್ ನಾಲ್ಕು, ರೇಡ್-ಜೆಡ್2. ಯಾವ ಎರಡು ಡಿಸ್ಕ್ ಹೋದರೂ ಕೆಲಸ ನಿಲ್ಲಲ್ಲ.

ಸ್ಪ್ಯಾನರ್
ನಾಲ್ಕೇ ಡಿಸ್ಕಿಗೆ ರೇಡ್-ಜೆಡ್2 ಯಾಕೆ? ಎರಡೆರಡು ಡಿಸ್ಕಿನ ಎರಡು ಮಿರರ್ ಜೋಡಿ ಮಾಡಿದ್ದರೂ ಜಾಗ ಅಷ್ಟೇ ಸಿಗ್ತಿತ್ತು, ಬರೆಯೋ ವೇಗ ಜಾಸ್ತಿ, ಒಂದು ಡಿಸ್ಕ್ ಹೋದರೆ ರಿಬಿಲ್ಡ್ ಕೂಡ ಬೇಗ.

ಶಿರಾಗೇಟ್
ಮಿರರ್‌ನಲ್ಲಿ ಒಂದೇ ಜೋಡಿಯ ಎರಡೂ ಹೋದರೆ ಗೋವಿಂದ. "ಯಾವ ಎರಡು" ಅಂತ ಬರೆದಿದ್ದು ಅದಕ್ಕೇ.

ಮಂಡಿಲೆಕ್ಕ
ಇವತ್ತು ಬೆಳಿಗ್ಗೆ 10.6. ಕ್ಯಾಬ್_ ಒಂದೂ ಇಲ್ಲ, ಸಿಬಿಎಸ್ ಲಾಗ್ ಬರೀ ಕೆಬಿ ಲೆಕ್ಕದಲ್ಲಿದೆ. ಮತ್ತೆ ಮೂರು ಜಿಬಿ ಎಲ್ಲಿ ಹೋಯ್ತು? ಸಿ ಗೆ ಭಾರ ಬೀಳಬಾರದು ಅಂತ ಡಿ ನಲ್ಲಿದ್ದ ಹಳೇ ಸ್ಕ್ಯಾನ್‌ಗಳನ್ನೂ ಅಳಿಸಿದೀನಿ.

ಶಿರಾಗೇಟ್
ನಾನು ಮೊದಲೇ ಹೇಳಿದ್ದೆ, ವಿನ್ಎಸ್ಎಕ್ಸ್ಎಸ್.

ಕಪ್ಪುಪರದೆ
ಅಲ್ಲ ಸರ್, ಮೊದಲಿನ ಲೆಕ್ಕವನ್ನೇ ಕೂಡಿ ನೋಡಿ. 97.3 ರಲ್ಲಿ 410 ಎಂಬಿ ಖಾಲಿ ಅಂದರೆ ಬಳಕೆ 96.9. ವಿನ್‌ಡರ್‌ಸ್ಟ್ಯಾಟ್ ಅಡ್ಮಿನ್ ಆಗಿ ಓಡಿಸಿದರೂ ಕಂಡದ್ದು 58.3. ಕಾಣದ್ದು 38.6 ಜಿಬಿ. ಅಷ್ಟು ದೊಡ್ಡದು ಬಚ್ಚಿಟ್ಟುಕೊಳ್ಳೋಕೆ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಅನ್ನೋ ವಿಂಡೋಸ್‌ನ ಬಚ್ಚಿಟ್ಟ ಫೋಲ್ಡರ್ ಬಿಟ್ಟು ಬೇರೆ ಜಾಗ ಇಲ್ಲ. ಇದರ ಔಟ್‌ಪುಟ್ ಹಾಕಿ:

ವಿಎಸ್ಎಸ್ಅಡ್ಮಿನ್ ಲಿಸ್ಟ್ ಶ್ಯಾಡೋಸ್ಟೋರೇಜ್

ಮತ್ತೆ, ರಾತ್ರಿ ಏನಾದರೂ ತಾನಾಗೇ ಓಡುತ್ತಾ?

ಮಂಡಿಲೆಕ್ಕ
ಫಾರ್ ವಾಲ್ಯೂಮ್: ಡಿ. ಸ್ಟೋರೇಜ್ ವಾಲ್ಯೂಮ್: ಸಿ. ಯೂಸ್ಡ್ 41.2 ಜಿಬಿ, ಅಲೊಕೇಟೆಡ್ 41.7, ಮ್ಯಾಕ್ಸಿಮಮ್ 83.3.
ರಾತ್ರಿ ಟ್ಯಾಲಿ ಡೇಟಾ ಮತ್ತು ತೂಕದ ಚೀಟಿ ಸ್ಕ್ಯಾನ್ ಜಿಪ್ ಆಗುತ್ತೆ, ಡಿ ನಲ್ಲೇ. ಸುಮಾರು 3.5 ಜಿಬಿ. ಏಳು ಜಿಪ್ ಇಟ್ಟುಕೊಂಡು ಹಳೇದನ್ನು ಮೊದಲು ಅಳಿಸಿ ಹೊಸದು ಬರೆಯುತ್ತೆ. ಅದು ಡಿ ತಾನೇ, ಅದಕ್ಕೇ ಹೇಳಲಿಲ್ಲ.

ಕಪ್ಪುಪರದೆ
ಅಲ್ಲೇ ಇದೆ ಗಂಟು. ಡಿ ಡ್ರೈವಿಗೆ ಶ್ಯಾಡೋ ಕಾಪಿ ಆನ್ ಮಾಡಿ, ಅದನ್ನು ಇಡೋ ಜಾಗ ಸಿ ಅಂತ ಯಾರೋ ಕೊಟ್ಟಿದ್ದಾರೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ "ಪ್ರೀವಿಯಸ್ ವರ್ಷನ್ಸ್" ಬರುತ್ತಲ್ಲ, ಅದರ ಸರಕು ಇದು. ಮಾಮೂಲಿ ವೇಳಾಪಟ್ಟಿ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12.

ಒಂದು ಶ್ಯಾಡೋ ತೆಗೆದ ಕ್ಷಣ ಪೂರ್ತಿ ನಕಲು ಆಗಲ್ಲ. ಆಮೇಲೆ ಡಿ ಮೇಲೆ ಯಾವ ಬ್ಲಾಕ್ ಬದಲಾಗುತ್ತೋ, ಬದಲಾಗೋ ಮುಂಚಿನ ಹಳೇ ಬ್ಲಾಕನ್ನು ಎತ್ತಿ ಸ್ಟೋರೇಜ್ ಜಾಗಕ್ಕೆ ಬರೆಯುತ್ತೆ. ರಾತ್ರಿ ಹಳೇ ಜಿಪ್ ಅಳಿಸಿ ಅದು ಬಿಟ್ಟ ಜಾಗದ ಮೇಲೇ ಹೊಸ ಜಿಪ್ ಬರೆದರೆ, ಹಳೇ 3.5 ಜಿಬಿಯಲ್ಲಿ ಬಹುಪಾಲು ಸಿ ಗೆ ಬಂದು ಕೂರುತ್ತೆ. ಬೆಳಿಗ್ಗೆ ಮಾಯವಾಗ್ತಿದ್ದ ಮೂರು ಜಿಬಿ ಇದೇ. ಡಿ ನಲ್ಲಿ ಸ್ಕ್ಯಾನ್ ಅಳಿಸಿದ್ದರಿಂದ ಸಿ ಗೆ ಲಾಭ ಇಲ್ಲ. ಆ ಖಾಲಿ ಜಾಗದ ಮೇಲೆ ಹೊಸದು ಬರೆದಂತೆಲ್ಲ ಅದೂ ಸಿ ಗೇ ಬರುತ್ತೆ.

ಮ್ಯಾಕ್ಸಿಮಮ್ 83.3 ಯಾಕೆ ಗೊತ್ತಾ? ಮಿತಿ ಹಾಕದಿದ್ದರೆ ಮೂಲ ವಾಲ್ಯೂಮ್‌ನ ಶೇ. 10. ಲೆಕ್ಕ 833 ಜಿಬಿ ಡಿ ಮೇಲೆ, ಜಾಗ ಕೊಡಬೇಕಾದ್ದು 97 ಜಿಬಿ ಸಿ.

ಸ್ಪ್ಯಾನರ್
ಬೇರೆ ವಾಲ್ಯೂಮಲ್ಲಿ ಇಡಿ ಅಂತ ಮೈಕ್ರೋಸಾಫ್ಟೇ ಹೇಳುತ್ತಲ್ಲ?

ಕಪ್ಪುಪರದೆ
ಬೇರೆ ಡಿಸ್ಕಲ್ಲಿರೋ ವಾಲ್ಯೂಮ್ ಅಂತ, ಅದೂ ತುಂಬಾ ಲೋಡ್ ಇರೋ ಫೈಲ್ ಸರ್ವರಿಗೆ. ಇಲ್ಲಿ ಸಿ, ಡಿ ಎರಡೂ ಒಂದೇ ರೇಡ್ 1 ಜೋಡಿಯ ಮೇಲಿವೆ. ವೇಗವೂ ಸಿಗಲ್ಲ, ಜಾಗವೂ ಹೋಯ್ತು.

ಮೇಡಂ, ಸ್ಟೋರೇಜ್ ಜಾಗ ಡಿ ಗೆ ಬದಲಾಯಿಸಬೇಕು. ಶ್ಯಾಡೋ ಇರೋವರೆಗೂ ಬದಲಾಯಿಸೋಕೆ ಬಿಡಲ್ಲ, ಆದ್ದರಿಂದ ಇರೋದೆಲ್ಲ ಹೋಗುತ್ತೆ. ಯಾರಿಗಾದರೂ ಹಳೇ ಪ್ರತಿ ಬೇಕಿದ್ದರೆ ಮೊದಲೇ ಪ್ರೀವಿಯಸ್ ವರ್ಷನ್ಸ್‌ನಿಂದ ತೆಗೆಸಿ. ಇತ್ತೀಚಿನ ಜಿಪ್ ಒಂದನ್ನು ಯುಎಸ್‌ಬಿ ಡಿಸ್ಕಿಗೆ ಹಾಕಿ, ತೆರೆದು ನೋಡಿ. ಎಲ್ಲರೂ ಟ್ಯಾಲಿಯಿಂದ ಹೊರಬಂದ ಮೇಲೆ ಈ ಮೂರು ಸಾಲು ಇದೇ ಕ್ರಮದಲ್ಲಿ:

ವಿಎಸ್ಎಸ್ಅಡ್ಮಿನ್ ಡಿಲೀಟ್ ಶ್ಯಾಡೋಸ್ /ಫಾರ್=ಡಿ: /ಆಲ್
ವಿಎಸ್ಎಸ್ಅಡ್ಮಿನ್ ಡಿಲೀಟ್ ಶ್ಯಾಡೋಸ್ಟೋರೇಜ್ /ಫಾರ್=ಡಿ: /ಆನ್=ಸಿ:
ವಿಎಸ್ಎಸ್ಅಡ್ಮಿನ್ ಆಡ್ ಶ್ಯಾಡೋಸ್ಟೋರೇಜ್ /ಫಾರ್=ಡಿ: /ಆನ್=ಡಿ: /ಮ್ಯಾಕ್ಸ್‌ಸೈಜ್=60ಜಿಬಿ

ಕಮಾಂಡ್ ಬೇಡ ಅನಿಸಿದರೆ ಡಿ ಮೇಲೆ ರೈಟ್ ಕ್ಲಿಕ್, ಕಾನ್ಫಿಗರ್ ಶ್ಯಾಡೋ ಕಾಪೀಸ್, ಸೆಟ್ಟಿಂಗ್ಸ್. ಅಲ್ಲಿ ಡ್ರೈವ್ ಆರಿಸೋ ಜಾಗ ಮಂಕಾಗಿದ್ದರೆ ಶ್ಯಾಡೋ ಇನ್ನೂ ಉಳಿದಿದೆ ಅಂತ ಅರ್ಥ. ರಾತ್ರಿ ಜಿಪ್ ಇನ್ನು ಮೇಲೆ ಯುಎಸ್‌ಬಿ ಡಿಸ್ಕಿಗೇ ಹೋಗಲಿ. ಶ್ಯಾಡೋ ಕೆಲಸ ಮಾಡೋದು ಇಡೀ ವಾಲ್ಯೂಮ್ ಮೇಲೆ, ಜಿಪ್ ಅಲ್ಲೇ ಇದ್ದರೆ 60 ಜಿಬಿಯನ್ನೂ ಅದೇ ತಿನ್ನುತ್ತೆ. ಮುಂದೆ ಸಿಸ್ಟಮ್ ಲಾಗಲ್ಲಿ ವಾಲ್‌ಸ್ನ್ಯಾಪ್ ಈವೆಂಟ್ 33 ಬಂದರೆ ಗಾಬರಿ ಬೇಡ, ಮಿತಿಯೊಳಗೆ ಇರೋಕೆ ಹಳೇದೊಂದನ್ನು ಅಳಿಸಿದೆ ಅಷ್ಟೇ. 25 ಬಂದರೆ ನೋಡಬೇಕು, ಜಾಗ ಬೇಗ ಹಿಗ್ಗಿಸೋಕಾಗದೆ ಶ್ಯಾಡೋಗಳೇ ಹೋಗಿರುತ್ತವೆ.

ಜೀರೋಬೈಟ್
ಶ್ಯಾಡೋ ಇದ್ದರೆ ಬ್ಯಾಕಪ್ ಯಾಕೆ ಬೇಕು?

ಕಪ್ಪುಪರದೆ
ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದರೆ ಬಹಳಷ್ಟು ಸಲ ಮೊದಲು ಹೊಡೆಯೋದೇ ಮೇಲಿನ ಡಿಲೀಟ್ ಶ್ಯಾಡೋಸ್ ಕಮಾಂಡನ್ನು. ಯುಎಸ್‌ಬಿ ಡಿಸ್ಕ್ ಎರಡು ಇಟ್ಟುಕೊಂಡು ಅದಲು ಬದಲು ಮಾಡಿ, ಒಂದು ಯಾವಾಗಲೂ ಬಿಚ್ಚಿಟ್ಟಿರಲಿ.

ಸ್ಪ್ಯಾನರ್
ತೂಕದ ಚೀಟಿ ಎಷ್ಟು ಡಿಪಿಐ ಸ್ಕ್ಯಾನ್ ಮಾಡ್ತೀರಿ ಮೇಡಂ?

ಮಂಡಿಲೆಕ್ಕ
600, ಕಲರ್, ಟಿಫ್. ಸ್ಕ್ಯಾನರ್ ಬಂದಾಗಿನಿಂದ ಹಾಗೇ ಇದೆ.

ಸ್ಪ್ಯಾನರ್
ಎ4 ಹಾಳೆ 600 ಡಿಪಿಐ ಕಲರ್, ಕುಗ್ಗಿಸದಿದ್ದರೆ ಒಂದಕ್ಕೇ ನೂರು ಎಂಬಿ. 200 ಡಿಪಿಐ ಗ್ರೇ ಸಾಕು. ಕುಗ್ಗಿಸದೆಯೇ ನಾಲ್ಕು ಎಂಬಿ, ಜೆಪೆಗ್ ಮಾಡಿದರೆ ಕೆಬಿ ಲೆಕ್ಕ. ಸಹಿಯೂ ತೂಕವೂ ಚೆನ್ನಾಗೇ ಓದೋಕಾಗುತ್ತೆ.

ಮಂಡಿಲೆಕ್ಕ
ಮೂರೂ ಸಾಲು ಓಡಿತು. ಸಿ ನಲ್ಲಿ 52.1 ಜಿಬಿ ಖಾಲಿ. ಜಿಪ್ ಯುಎಸ್‌ಬಿಗೆ ತಿರುಗಿಸಿದೆ, ಎರಡು ಬೆಳಿಗ್ಗೆಯೂ ಸಿ ಅಲುಗಿಲ್ಲ. ಸ್ಕ್ಯಾನರ್ ಸೆಟ್ಟಿಂಗ್‌ಗೆ ಯಜಮಾನರನ್ನು ಕೇಳಬೇಕು, ಚೀಟಿ ಬಣ್ಣದಲ್ಲೇ ಇರಲಿ ಅಂತಾರೆ.

ಸ್ಪ್ಯಾನರ್
ಬಣ್ಣವೇ ಬೇಕಂದರೆ 200 ಡಿಪಿಐ ಕಲರ್ ಜೆಪೆಗ್ ಇಡಿ. ಟಿಫ್ ಮಾತ್ರ ಬಿಡಿ.

ಶಿರಾಗೇಟ್
ಈಗ ಜಾಗ ಇದೆಯಲ್ಲ, ರೀಸೆಟ್‌ಬೇಸ್ ಒಂದು ಓಡಿಸಿಬಿಡಿ.

ಕಪ್ಪುಪರದೆ
ಓಡಿಸಬಹುದು. ಆಮೇಲೆ ಹಳೇ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡೋಕಾಗಲ್ಲ. ಆದರೆ 2012 ಆರ್2 ಗೆ ಎಕ್ಸ್‌ಟೆಂಡೆಡ್ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೇ ಮುಗಿದಿರೋದರಿಂದ ಅದರಿಂದ ತೊಂದರೆ ಕಮ್ಮಿ. ಸಿಗೋದು ಹೆಚ್ಚೆಂದರೆ 2.8 ಜಿಬಿ. ಹಳೇ ಡಿಸ್ಕಲ್ಲಿ ಗಂಟೆ ಹಿಡಿಯಬಹುದು, 20 ಶೇಕಡಾದಲ್ಲಿ ನಿಂತ ಹಾಗೆ ಕಂಡರೂ ಕಿತ್ತು ಹಾಕಬೇಡಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅಂತ ನೋಡಿಕೊಂಡು ಭಾನುವಾರ ಹಾಕಿ, ಸೀಸನ್ ಮುಗಿದ ಮೇಲಾದರೆ ಇನ್ನೂ ಒಳ್ಳೇದು.